ಮುರೇನಾ, ಒರಾಟಾ: ಮೀನಿನಿಂದ ಬಂದ ರೋಮನ್ ಹೆಸರುಗಳು

ರೋಮನ್ನರ ಹೆಸರು ಕಂಡಾಗ ಮೊದಲು ಅದನ್ನು ಮೂರು ತುಂಡು ಮಾಡಿ. ಲೂಸಿಯಸ್ ಲಿಸಿನಿಯಸ್ ಮುರೇನಾ ಎಂಬುದನ್ನೇ ತೆಗೆದುಕೊಳ್ಳಿ. ಲೂಸಿಯಸ್ ಅವನ ಸ್ವಂತ ಹೆಸರು, ಲಿಸಿನಿಯಸ್ ಮನೆತನದ ಹೆಸರು. ಮೂರನೆಯದು ಕಾಗ್ನೋಮೆನ್. ಯಾರೋ ಒಬ್ಬರಿಗೆ ಅಡ್ಡಹೆಸರಾಗಿ ಅಂಟಿಕೊಂಡು, ಆಮೇಲೆ ಮಕ್ಕಳು ಮೊಮ್ಮಕ್ಕಳಿಗೂ ಇಳಿದು ಬರುವ ಹೆಸರು ಅದು. ಮೀನನ್ನು ಹುಡುಕಬೇಕಾದ್ದು ಇಲ್ಲೇ.

ಮುರೇನಾ ಅಂದರೆ ಹಾವಿನ ಹಾಗೆ ಉದ್ದವಿರುವ, ಚೂಪು ಹಲ್ಲಿನ ಮೊರೇ ಈಲ್. ಈ ಪದ ಲ್ಯಾಟಿನ್‌ಗೆ ಗ್ರೀಕಿನಿಂದ ಬಂತು. 1758ರಲ್ಲಿ ಜೀವಿಗಳಿಗೆ ವೈಜ್ಞಾನಿಕ ಹೆಸರು ಕೊಟ್ಟ ವಿಜ್ಞಾನಿ ಲಿನೇಯಸ್ ಇದನ್ನೇ ಜೀನಸ್ (ಹತ್ತಿರದ ಪ್ರಭೇದಗಳ ಗುಂಪು) ಹೆಸರಾಗಿ ಇಟ್ಟ. ಹಾಗಾಗಿ ಮೀನಿಗೆ ಈ ಮನೆತನದಿಂದ ಹೆಸರು ಬಂತು ಅಂದುಕೊಳ್ಳಬೇಡಿ. ಎರಡಕ್ಕೂ ಮೂಲ ರೋಮಿನ ಜನ ಮೀನಿಗೆ ಕರೆಯುತ್ತಿದ್ದ ಅದೇ ಹೆಸರು. ಮೀನು ಸಾಕುವ ಕೊಳಗಳನ್ನು ಮೊದಲು ಕಟ್ಟಿಸಿದವನು ಲಿಸಿನಿಯಸ್ ಮುರೇನಾ ಎಂದು ರೋಮನ್ ಲೇಖಕ ಪ್ಲೀನಿ ಬರೆದಿದ್ದಾನೆ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾದವನು ಸರ್ಜಿಯಸ್ ಒರಾಟಾ. ಇಟಲಿಯ ಕರಾವಳಿಯ ಬಾಯೇ ಎಂಬಲ್ಲಿ ಸಿಂಪಿ ಸಾಕಿ ಚೆನ್ನಾಗಿ ದುಡ್ಡು ಮಾಡಿದವನು. ಲ್ಯಾಟಿನ್‌ನಲ್ಲಿ ಔರುಮ್ ಅಂದರೆ ಚಿನ್ನ, ಔರಾಟಾ ಅಂದರೆ ಚಿನ್ನ ಬಳಿದದ್ದು. ಕಣ್ಣುಗಳ ನಡುವೆ ಹೊನ್ನಿನ ಪಟ್ಟಿಯಿರುವ ಒಂದು ಸಮುದ್ರ ಮೀನಿಗೆ ಆ ಹೆಸರು. ಹಾಗಾದರೆ 'ಔ' ಹೋಗಿ 'ಒ' ಬಂದದ್ದು ಹೇಗೆ? ಜನರ ಬಾಯಲ್ಲಿ 'ಔ' ಎಷ್ಟೋ ಕಡೆ 'ಓ' ಆಗುತ್ತಿತ್ತು. ಕ್ಲಾಡಿಯಸ್ ಮತ್ತು ಕ್ಲೋಡಿಯಸ್ ಒಂದೇ ಹೆಸರಿನ ಎರಡು ರೂಪ. ಚಕ್ರವರ್ತಿ ವೆಸ್ಪೇಸಿಯನ್ ಬಂಡಿಗೆ 'ಪ್ಲೋಸ್ಟ್ರಾ' ಅಂದಾಗ ಫ್ಲೋರಸ್ ಎಂಬವನು 'ಪ್ಲೌಸ್ಟ್ರಾ' ಅನ್ನಬೇಕು ಎಂದು ತಿದ್ದಿದನಂತೆ. ಮರುದಿನ ಚಕ್ರವರ್ತಿ ಅವನನ್ನು 'ಫ್ಲೌರಸ್' ಎಂದೇ ಕರೆದ! ಇಟಲಿಯವರು ಆ ಮೀನಿಗೆ ಈಗಲೂ ಒರಾಟಾ ಅನ್ನುತ್ತಾರೆ.

ಒಂದು ಎಚ್ಚರಿಕೆ. ಈ ಮೀನಿನ ವೈಜ್ಞಾನಿಕ ಹೆಸರು ಸ್ಪಾರಸ್ ಔರಾಟಾ. ಇಲ್ಲಿ ಜೀನಸ್ ಸ್ಪಾರಸ್, ಅದು ಗ್ರೀಕ್ ಮೂಲದ್ದು. ಔರಾಟಾ ಪ್ರಭೇದದ ಹೆಸರು. ಪರೀಕ್ಷೆಯಲ್ಲಿ ಇವೆರಡು ಅದಲುಬದಲಾಗುವುದು ಸುಲಭ.

ಕೃಷಿಯ ಬಗ್ಗೆ ಬರೆದ ಕೊಲುಮೆಲ್ಲಾಗೆ ಈ ಹೆಸರುಗಳನ್ನು ಕಂಡರೆ ಸಿಟ್ಟು. ಹಿಂದಿನವರು ನುಮಾಂಟಿಯಾ ಎಂಬ ಊರನ್ನು ಗೆದ್ದು ನುಮಾಂಟಿನಸ್ ಆದರು, ಇವರು ಮೀನು ಹಿಡಿದು ಹಿಗ್ಗಿದರು ಎಂದು ಅವನು ಚುಚ್ಚುತ್ತಾನೆ. ಗೆದ್ದ ಊರಿನ ಹೆಸರೂ, ಸಾಕಿದ ಮೀನಿನ ಹೆಸರೂ ಬಂದು ಕೂತದ್ದು ಒಂದೇ ಜಾಗದಲ್ಲಿ, ಅಲ್ವಾ?