ಪ್ರಾಜೆಕ್ಟು ನನ್ನ ಹೆಸರಲ್ಲಿದೆ, ದುಡ್ಡು ಯಾಕೆ ಆಫೀಸಿನ ಕೈಯಲ್ಲಿ?

ಓದುಗರ ಪ್ರಶ್ನೆ: ಬಾಯಾರು, ಪೆರ್ಲ ಕಡೆಯ ಸುರಂಗಗಳ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದವು) ಬಗ್ಗೆ ನನಗೊಂದು ಸಂಶೋಧನಾ ಪ್ರಾಜೆಕ್ಟು ಮಂಜೂರಾಗಿದೆ. ಆದೇಶದಲ್ಲಿ ನನ್ನ ಹೆಸರೇ ಇದೆ. ಆದರೂ ಒಂದು ಜೀಪಿನ ಬಾಡಿಗೆ ಕೊಡಬೇಕಾದರೂ ಆಫೀಸಿಗೆ ಫೈಲು ಕಳಿಸಬೇಕು. ಇದು ನನ್ನ ಪ್ರಾಜೆಕ್ಟಿನ ದುಡ್ಡಲ್ವಾ? ನಾನೇ ಖರ್ಚು ಮಾಡಿದರೆ ಏನು ತಪ್ಪು? (ಕಾಸರಗೋಡಿನ ಒಬ್ಬ ಅಧ್ಯಾಪಕಿ)

ಟೀಚರ್, ಪ್ರಾಜೆಕ್ಟು ನಿಮ್ಮದೇ. ದುಡ್ಡು ಮಾತ್ರ ವಿಶ್ವವಿದ್ಯಾಲಯಕ್ಕೆ ಕೊಟ್ಟದ್ದು. ನಾನೂ ಇಂಥದ್ದೇ ಆಫೀಸಿನಲ್ಲಿ ಪ್ರಾಜೆಕ್ಟುಗಳ ಲೆಕ್ಕ ನೋಡುವುದು, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಮಂಜೂರಾತಿ ಆದೇಶವನ್ನು ಇನ್ನೊಮ್ಮೆ ತೆಗೆದು ನೋಡಿ. ಮೊದಲ ಸಾಲುಗಳಲ್ಲಿ ನಿಮ್ಮ ಹೆಸರು, ವಿಷಯ, ಅವಧಿ ಇರುತ್ತದೆ. ಸ್ವಲ್ಪ ಕೆಳಗೆ ಬನ್ನಿ, ಹಣವನ್ನು ಯಾರಿಗೆ ಬಿಡುಗಡೆ ಮಾಡಿದ್ದಾರೆ ಅಂತ ಬರೆದಿರುತ್ತಾರೆ. ಅಲ್ಲಿ ರಿಜಿಸ್ಟ್ರಾರ್ ಅಂತಲೋ ಫೈನಾನ್ಸ್ ಆಫೀಸರ್ ಅಂತಲೋ ಇರುತ್ತದೆ. ನೀವು ಅರ್ಜಿ ಹಾಕುವಾಗ ಸಂಸ್ಥೆಯ ಮುಖ್ಯಸ್ಥರ ಸಹಿ ಇರುವ ಒಂದು ಒಪ್ಪಿಗೆ ಪತ್ರ ಲಗತ್ತಿಸಿದ್ದಿರಲ್ಲ, ಈ ಹಣದ ಲೆಕ್ಕಕ್ಕೆ ನಾವು ಜವಾಬ್ದಾರರು ಎಂದು ವಿಶ್ವವಿದ್ಯಾಲಯ ಒಪ್ಪಿಕೊಂಡದ್ದು ಅದರಲ್ಲೇ. ಏನು ಅಧ್ಯಯನ ಮಾಡಬೇಕು, ಯಾವ ಊರಿಗೆ ಹೋಗಬೇಕು, ಯಾವ ಉಪಕರಣ ಬೇಕು ಅನ್ನುವ ತೀರ್ಮಾನ ನಿಮ್ಮದು. ಅದರಲ್ಲಿ ಆಫೀಸು ಕೈ ಹಾಕಬಾರದು. ಆದರೆ ನಾಳೆ ಆಡಿಟ್‌ನವರು ಬಂದು ಕೂತಾಗ ಉತ್ತರ ಕೊಡಬೇಕಾದದ್ದು ಸಂಸ್ಥೆ. ಅದಕ್ಕೇ ಚೆಕ್ಕು ಆಫೀಸಿನಿಂದ ಹೋಗುತ್ತದೆ.

ಈಗಂತೂ ಕೇಂದ್ರದ ಅನೇಕ ಯೋಜನೆಗಳಲ್ಲಿ ದುಡ್ಡು ವಿಶ್ವವಿದ್ಯಾಲಯದ ಬ್ಯಾಂಕ್ ಖಾತೆಗೆ ಬಂದು ಕೂರುವುದೇ ಇಲ್ಲ. ಟ್ರೆಜರಿ ಸಿಂಗಲ್ ಅಕೌಂಟ್ ಅಂತ ರಿಸರ್ವ್ ಬ್ಯಾಂಕಿನಲ್ಲಿ ಒಂದು ಖಾತೆ ಇರುತ್ತದೆ. ನಮಗೆ ಸಿಗುವುದು ಇಷ್ಟು ಖರ್ಚು ಮಾಡಬಹುದು ಅನ್ನುವ ಮಿತಿ ಮಾತ್ರ. ಬಿಲ್ಲು ಪಾಸಾದಾಗ ದುಡ್ಡು ಅಲ್ಲಿಂದ ನೇರವಾಗಿ ಅಂಗಡಿಯವರ ಅಥವಾ ಕೆಲಸದವರ ಖಾತೆಗೆ ಹೋಗುತ್ತದೆ. "ಹಣ ಬಂದಿದೆ ಅಂತ ಹೇಳ್ತೀರಿ, ಎಲ್ಲಿದೆ?" ಅಂತ ಮಾಷ್ಟ್ರುಗಳು ಕೇಳಿದಾಗಲೆಲ್ಲ ನಾನು ಇದನ್ನೇ ಬಿಡಿಸಿ ಹೇಳುವುದು.

ಇನ್ನು ನಿಮ್ಮ ಜೀಪಿಗೆ ಬರೋಣ. ಮಂಜೂರಾದ ಮೊತ್ತ ಒಂದೇ ಗಂಟು ಅಲ್ಲ, ಹೆಡ್ಡುಗಳಾಗಿ, ಅಂದರೆ ಖರ್ಚಿನ ಬಾಬ್ತುಗಳಾಗಿ ಹಂಚಿರುತ್ತದೆ: ಉಪಕರಣ, ಸಿಬ್ಬಂದಿ, ಪ್ರಯಾಣ ಮತ್ತು ಫೀಲ್ಡ್‌ವರ್ಕ್, ಬಳಸಿ ಮುಗಿಯುವ ಸಾಮಾನು, ಕಂಟಿಂಜೆನ್ಸಿ (ಸಣ್ಣಪುಟ್ಟ ಇತರ ಖರ್ಚು), ಓವರ್‌ಹೆಡ್. ಜೀಪಿನ ಬಾಡಿಗೆ ಪ್ರಯಾಣದ ಹೆಡ್ಡಿನಿಂದಲೇ ಹೋಗಬೇಕು. ಅಳತೆಯ ಲೇಸರ್ ಮೀಟರ್ ಅಗ್ಗಕ್ಕೆ ಸಿಕ್ಕಿತು, ಉಪಕರಣದ ಹೆಡ್ಡಿನಲ್ಲಿ ದುಡ್ಡು ಉಳಿದಿದೆ, ಅದನ್ನು ಜೀಪಿಗೆ ಹಾಕೋಣ ಅಂದರೆ ಆಗುವುದಿಲ್ಲ. ಹಣ ಕೊಟ್ಟ ಸಂಸ್ಥೆಯಿಂದ ಮೊದಲೇ ಒಪ್ಪಿಗೆ ಬೇಕು. ಖರ್ಚು ಮಾಡಿ ಆಮೇಲೆ ಒಪ್ಪಿಗೆ ಕೇಳಿದ ಫೈಲುಗಳು ಎಷ್ಟು ಸುತ್ತುತ್ತವೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ.

ಮುರಕಲ್ಲಿನಲ್ಲಿ ಸುರಂಗ ಕೊರೆಯುವವರ ಹತ್ತಿರ ಬಿಲ್ ಬುಕ್ ಇರುವುದಿಲ್ಲ. ಜಿಎಸ್‌ಟಿ ನಂಬರಂತೂ ಇಲ್ಲವೇ ಇಲ್ಲ. ನಿಮ್ಮ ಜೊತೆ ಎರಡು ದಿನ ಒಳಗೆ ಬಂದು, ಬೆಳಕು ಹಿಡಿದು, ಎಲ್ಲಿ ಕಲ್ಲು ಸಡಿಲ ಇದೆ, ಎಲ್ಲಿ ನೀರು ಒಸರುತ್ತದೆ ಅಂತ ತೋರಿಸಿದವರಿಗೆ ಕೂಲಿ ಕೊಡಬೇಕಲ್ವಾ? ಅದಕ್ಕೆ ಕೈರಸೀದಿ ಸಾಕು. ಹೆಸರು, ಮನೆ ಹೆಸರು, ಊರು, ಮಾಡಿದ ಕೆಲಸ, ಯಾವ ಯಾವ ದಿನ, ದಿನಕ್ಕೆ ಎಷ್ಟು, ಒಟ್ಟು ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ, ಸಹಿ ಇಲ್ಲವೇ ಹೆಬ್ಬೆಟ್ಟು. ಮೊತ್ತ 5000 ರೂಪಾಯಿ ದಾಟಿದರೆ 1 ರೂಪಾಯಿಯ ರೆವೆನ್ಯೂ ಸ್ಟ್ಯಾಂಪು ಅಂಟಿಸಿ ಅದರ ಮೇಲೆ ಸಹಿ. ಕನ್ನಡದಲ್ಲೇ ಬರೆಯಲಿ, ಪರವಾಗಿಲ್ಲ. ಕೆಳಗೆ ನೀವು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಸಹಿ ಹಾಕಿ, ಯಾಕೆಂದರೆ ಈ ಕಾಗದವನ್ನು ನಮ್ಮ ಭಾಷೆ ಬಾರದವರೂ ಓದಬೇಕಾಗುತ್ತದೆ. ಪಾಸ್‌ಬುಕ್ಕಿನ ಮೊದಲ ಪುಟದ ಫೋಟೊ ಅವತ್ತೇ ತೆಗೆದುಕೊಳ್ಳಿ. ಖಾತೆಗೇ ಹಾಕುವುದಾದರೆ ಅದು ಬೇಕಾಗುತ್ತದೆ.

ಕೆಲವು ವರ್ಷದ ಹಿಂದೆ ಇಂಥದ್ದೇ ಒಂದು ರಸೀದಿಯನ್ನು ನಾನು ತಾರೀಕಿಲ್ಲ ಅಂತ ವಾಪಸ್ ಕಳಿಸಿದ್ದೆ. ನಿಯಮದ ಪ್ರಕಾರ ಸರಿಯೇ. ಆದರೆ ಆ ಟೀಚರು ಒಂದು ತಾರೀಕು ಬರೆಸಿಕೊಳ್ಳಲು ಎರಡು ಬಸ್ಸು ಬದಲಾಯಿಸಿ, ಆಮೇಲೆ ಗುಡ್ಡ ಹತ್ತಿ ಹೋಗಿ ಬರಬೇಕಾಯಿತು. ಆ ರಸೀದಿ ಕೊಟ್ಟ ಹಿರಿಯ ಕೆಲಸಗಾರರು ಅಷ್ಟು ದಿನ ಕೂಲಿಗೆ ಕಾದರು. ಅದು ನನಗೆ ಇವತ್ತಿಗೂ ಬೇಸರ. ಮೊದಲೇ ಒಂದು ನಮೂನೆ ಕೊಟ್ಟಿದ್ದರೆ ಹೀಗೆ ಆಗುತ್ತಿರಲಿಲ್ಲ. ಆಮೇಲೆ ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಖಾಲಿ ಕೈರಸೀದಿ ಟೈಪ್ ಮಾಡಿ ಇಟ್ಟುಕೊಂಡಿದ್ದೇನೆ. ಫೀಲ್ಡಿಗೆ ಹೋಗುವವರಿಗೆ ಹತ್ತು ಪ್ರತಿ ಕೊಟ್ಟೇ ಕಳಿಸುತ್ತೇನೆ. ನಿಮ್ಮ ಆಫೀಸಿನಲ್ಲಿ ಇಲ್ಲದಿದ್ದರೆ ನೀವೇ ಮಾಡಿಸಿಕೊಳ್ಳಿ.

ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಮಾರ್ಚ್ 31. ನಿಮ್ಮ ಪ್ರಾಜೆಕ್ಟಿನ ವರ್ಷ ನವೆಂಬರಿನಲ್ಲಿ ಶುರುವಾಗಿರಬಹುದು, ಲೆಕ್ಕದ ವರ್ಷ ಮಾತ್ರ ಮಾರ್ಚಿಗೇ ಮುಗಿಯುತ್ತದೆ. ಆ ಟ್ರೆಜರಿ ಖಾತೆಯ ವ್ಯವಸ್ಥೆಯಲ್ಲಿ ಖರ್ಚಾಗದ ಮಿತಿ ಅವತ್ತಿಗೆ ರದ್ದಾಗುತ್ತದೆ. ಸುರಂಗದ ಕೆಲಸ ಅಂದರೆ ಇನ್ನೂ ಕಷ್ಟ, ಯಾಕೆಂದರೆ ಬೇಸಿಗೆಯಲ್ಲಿ ನೀರು ಎಷ್ಟು ಉಳಿಯುತ್ತದೆ ಅಂತ ಅಳೆಯಲು ಮಾರ್ಚಿನಿಂದ ಮೇ ತನಕವೇ ಹೋಗಬೇಕು, ಜೂನಿನಲ್ಲಿ ಮಳೆ ಹಿಡಿದರೆ ಅಳತೆಗೆ ಅರ್ಥ ಇಲ್ಲ, ಅಂದರೆ ನಿಮ್ಮ ಫೀಲ್ಡ್‌ವರ್ಕ್ ಸರಿಯಾಗಿ ಎರಡು ವರ್ಷದ ಲೆಕ್ಕದ ನಡುವೆ ಬಂದು ಬೀಳುತ್ತದೆ. ಆದ್ದರಿಂದ ಜನವರಿಯಲ್ಲೇ ಯಾವ ಹೆಡ್ಡಿನಲ್ಲಿ ಎಷ್ಟು ಉಳಿದಿದೆ ಅಂತ ಆಫೀಸಿನಿಂದ ಬರೆಸಿಕೊಳ್ಳಿ. ಮಾರ್ಚಿನ ಓಡಾಟದ ಬಿಲ್ಲುಗಳನ್ನು ಮಾರ್ಚಿನಲ್ಲೇ ಕೊಡಿ. ಏಪ್ರಿಲಿನದ್ದರ ಜೊತೆ ಸೇರಿಸಿ ಒಂದೇ ಕಟ್ಟು ಮಾಡಬೇಡಿ.

ವರ್ಷ ಮುಗಿದ ಮೇಲೆ ಎರಡು ಕಾಗದ ಹೋಗಬೇಕು. ಒಂದು ಖರ್ಚಿನ ವಿವರಪಟ್ಟಿ, ಇನ್ನೊಂದು ಯುಸಿ, ಅಂದರೆ ಹಣ ಬಳಕೆಯ ಪ್ರಮಾಣಪತ್ರ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಇದರ ನಮೂನೆ 12-ಎ. ವರ್ಷ ಮುಗಿದು 12 ತಿಂಗಳ ಒಳಗೆ ಕೊಡಬೇಕು ಅಂತ ನಿಯಮ. ಆದರೆ ಅಷ್ಟು ದಿನ ಕಾಯಲೇಬೇಡಿ. ಯುಸಿ ಹೋಗದೆ ಮುಂದಿನ ಕಂತು ಬರುವುದಿಲ್ಲ. ಕಂತು ಬಾರದಿದ್ದರೆ ಅದರ ಪೆಟ್ಟು ನನಗೂ ಬೀಳುವುದಿಲ್ಲ, ನಿಮಗೂ ಬೀಳುವುದಿಲ್ಲ, ನಮ್ಮಿಬ್ಬರ ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆ. ಬೀಳುವುದು ಪ್ರಾಜೆಕ್ಟಿನಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ. ವಿಜ್ಞಾನದ ಯೋಜನೆಗಳಲ್ಲಿ ನೆಟ್ ಅಥವಾ ಗೇಟ್ ಪರೀಕ್ಷೆ ಪಾಸಾದ ಜೆಆರ್‌ಎಫ್‌ಗೆ (ಕಿರಿಯ ಸಂಶೋಧನಾ ಫೆಲೊ) 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಫೆಲೊ) ಆದ ಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಕಾಗದದಲ್ಲಿ ಒಳ್ಳೆಯ ಮೊತ್ತ. ಆದರೆ ನಾಲ್ಕು ತಿಂಗಳು ಬಾರದಿದ್ದರೆ ರೂಮಿನ ಬಾಡಿಗೆಯನ್ನು ಮನೆಯವರ ಹತ್ತಿರ ಕೇಳಬೇಕಾಗುತ್ತದೆ. ನನ್ನ ಮೇಜಿನ ಮುಂದೆ ಬಂದು, ಕೇಳಲು ಸಂಕೋಚಪಟ್ಟು, ಸುಮ್ನೆ ನಿಂತು ಹೋದವರಿದ್ದಾರೆ. ಹಾಗಾಗಿ ಯುಸಿ ವಿಷಯದಲ್ಲಿ ನಾನು ಯಾರಿಗೂ ಸಡಿಲ ಬಿಡುವುದಿಲ್ಲ, ನಮ್ಮ ಆಫೀಸಿಗೂ ಅಷ್ಟೇ.

ಬಡ್ಡಿ ಬಗ್ಗೆಯೂ ಒಂದು ಮಾತು. ಹಣ ಬ್ಯಾಂಕಿನಲ್ಲಿದ್ದು ಬಡ್ಡಿ ಬಂದರೆ ಅದು ಪ್ರಾಜೆಕ್ಟಿಗೆ ಸೇರುವುದಿಲ್ಲ. ಅದೇ ಹಣಕಾಸು ನಿಯಮಗಳ 230(8)ರ ಪ್ರಕಾರ ಸರ್ಕಾರಕ್ಕೆ ವಾಪಸ್ ಹೋಗಬೇಕು. ಭಾರತ್‌ಕೋಶ್ (ಸರ್ಕಾರಕ್ಕೆ ಹಣ ಕಟ್ಟುವ ಜಾಲತಾಣ) ಮೂಲಕ ಕಟ್ಟಿ ರಸೀದಿಯನ್ನು ಯುಸಿ ಜೊತೆ ಇಡುತ್ತೇವೆ.

ಓವರ್‌ಹೆಡ್ ಅಂದರೆ ಕರೆಂಟು, ನೀರು, ಕೋಣೆ, ಆಫೀಸಿನ ಕೆಲಸಕ್ಕೆ ಸಂಸ್ಥೆಗೆ ಸಿಗುವ ಪಾಲು. ಅದನ್ನು ನಿಮ್ಮ ಹೆಡ್ಡುಗಳಿಂದ ಕಿತ್ತುಕೊಳ್ಳುವುದಿಲ್ಲ, ಬೇರೆಯೇ ಇರುತ್ತದೆ.

ಖರೀದಿಯಲ್ಲಿ ಸ್ವಲ್ಪ ಸಡಿಲ ಆಗಿದೆ. 2025ರ ಜೂನಿನಲ್ಲಿ ಕೇಂದ್ರವು ವೈಜ್ಞಾನಿಕ ಉಪಕರಣ ಮತ್ತು ಸಾಮಾನುಗಳಿಗೆ ಕೊಟೇಶನ್ ಇಲ್ಲದ ನೇರ ಖರೀದಿಯ ಮಿತಿಯನ್ನು 1 ಲಕ್ಷದಿಂದ 2 ಲಕ್ಷಕ್ಕೆ ಏರಿಸಿತು. ಜೆಮ್, ಅಂದರೆ ಸರ್ಕಾರಿ ಖರೀದಿಯ ಆನ್‌ಲೈನ್ ಪೋರ್ಟಲಿನ ಹೊರಗೆ ಕೊಳ್ಳಲು ಅನುಮತಿ ಕೊಡುವ ಅಧಿಕಾರ ಕುಲಪತಿಗಳಿಗೆ ಸಿಕ್ಕಿತು. ಇದು ಎಲ್ಲ ಸಂಸ್ಥೆಗೂ ಎಲ್ಲ ಸಾಮಾನಿಗೂ ಅಲ್ಲ. ನಿಮ್ಮ ಸಂಸ್ಥೆಗೆ ಅನ್ವಯಿಸುತ್ತದಾ ಅಂತ ಕೇಳಿಯೇ ಮುಂದುವರಿಯಿರಿ. ಏನೇ ಕೊಂಡರೂ ಸ್ಟಾಕ್ ರಿಜಿಸ್ಟರಿನಲ್ಲಿ ಬರೆಸಿ.

ಆಫೀಸಿನ ಕಡೆಯಿಂದ ತಪ್ಪೇ ಇಲ್ಲ ಅಂತ ನಾನು ಹೇಳುವುದಿಲ್ಲ. ಇವತ್ತು ಒಂದು ಆಕ್ಷೇಪ, ಅದನ್ನು ಸರಿ ಮಾಡಿ ಕೊಟ್ಟರೆ ಮುಂದಿನ ವಾರ ಇನ್ನೊಂದು, ಹೀಗೆ ಫೈಲು ಓಡಾಡಿಸುವುದು ನಿಜಕ್ಕೂ ಅನ್ಯಾಯ. ಆಕ್ಷೇಪಗಳೆಲ್ಲ ಒಂದೇ ಸಲ ಬರಹದಲ್ಲಿ ಕೊಡಿ ಅಂತ ಕೇಳಿ. ತಿಂಗಳಿಗೊಮ್ಮೆ ಲೆಡ್ಜರಿನ ಪ್ರತಿ ಕೇಳಿ. ಗಟ್ಟಿಯಾಗಿಯೇ ಕೇಳಿ.

ಮೊದಲ ಸಲ ಬಾಯಾರಿಗೆ ಹೋಗುವ ಮುಂಚೆ ಮುಂಗಡಕ್ಕೆ ಅರ್ಜಿ ಹಾಕಿ. ಜೀಪು ಎಷ್ಟು ದಿನ, ಜೊತೆಗೆ ಎಷ್ಟು ಜನ, ಅಂದಾಜು ಎಷ್ಟು ಅಂತ ಅರ್ಧ ಪುಟ ಬರೆದರೆ ಸಾಕು. ಆಗ ನಿಮ್ಮ ಕೈಯಿಂದ ಹಾಕಿ ಆಮೇಲೆ ಕಾಯುವುದು ತಪ್ಪುತ್ತದೆ. ಲೆಕ್ಕ ಕೊಡಲು ಸಾಮಾನ್ಯವಾಗಿ 15 ದಿನ ಇರುತ್ತದೆ. ಜೀಪಿನವರ ರಸೀದಿಯಲ್ಲಿ ಗಾಡಿ ನಂಬರು, ಹೋದ ಜಾಗ, ಕಿಲೋಮೀಟರು ಮೂರೂ ಇರಲಿ. ತಾರೀಕು ಮರೆಯಬೇಡಿ.