ಹೂದೋಟದ ಬೇಲಿಗೆ ಮರವೋ, ಕಾಂಪೋಸಿಟೋ? ಕೊಡಗಿನ ಮಳೆಗೆ ಹೊಂದುವ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ಇದು ಮನೆ ಮುಂದಿನ ಹೂದೋಟದ ಬೇಲಿಯ ವಿಷಯ. ಕಾಫಿ ತೋಟದ ಅಂಚಿನ ಬೇಲಿ ಬೇರೆಯೇ ಪಾಠ. ಆನೆ ಓಡಾಡುವ ಕಡೆ ಮರವೂ ನಿಲ್ಲುವುದಿಲ್ಲ, ಕಾಂಪೋಸಿಟೂ (ಮರದ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ ಹಲಗೆ) ನಿಲ್ಲುವುದಿಲ್ಲ. ಅಲ್ಲಿ ಸೋಲಾರ್ ತಂತಿ, ಕಂದಕ, ರೈಲು ಕಂಬಿಯ ತಡೆಗೋಡೆ ಇವುಗಳ ಮಾತು.

ಹೂದೋಟಕ್ಕೆ ಬೇಲಿ ಅಂದಕೂಡಲೇ ಎಲ್ಲರೂ ಹಲಗೆ ಯಾವುದು ಅಂತ ಕೇಳುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದದ್ದು ಕಂಬ ಯಾವುದು ಅಂತ. ನಮ್ಮ ಕಡೆ ಬೇಲಿ ಕೆಡುವುದು ಬುಡದಿಂದ. ಹಲಗೆ ಎಷ್ಟೇ ಚೆನ್ನಾಗಿರಲಿ, ಕಂಬದ ಬುಡ ಲಡ್ಡಾದರೆ ಇಡೀ ಸಾಲು ಒಂದು ಕಕ್ಕಡದ (ಜುಲೈ-ಆಗಸ್ಟ್‌ನ ಜಡಿಮಳೆ ತಿಂಗಳು) ಗಾಳಿಗೆ ಮಲಗಿಬಿಡುತ್ತದೆ.

ಮರ ಕೊಳೆಯುವುದು ಎಲ್ಲಿ, ಯಾಕೆ

ಮರವನ್ನು ಕೊಳೆಸುವುದು ಶಿಲೀಂಧ್ರ. ಅದಕ್ಕೆ ತಿನ್ನಲು ಮರ ಬೇಕು, ಜೊತೆಗೆ ಗಾಳಿ ಮತ್ತು ತೇವ ಎರಡೂ ಬೇಕು. ಮರದ ತೇವ ಅದರ ಒಣ ತೂಕದ ಶೇ. 20ಕ್ಕಿಂತ ಕೆಳಗಿದ್ದರೆ ಕೊಳೆತ ಶುರುವಾಗುವುದಿಲ್ಲ. ಶೇ. 30ರ ಹತ್ತಿರ ಹೋದರೆ ಅದಕ್ಕೆ ಹಬ್ಬ.

ಈಗ ನೆಲದಲ್ಲಿ ಹೂತ ಕಂಬವನ್ನು ನೋಡಿ. ಆಳದಲ್ಲಿ ತೇವ ಇದೆ, ಗಾಳಿ ಕಡಿಮೆ. ಮೇಲೆ ಗಾಳಿ ಇದೆ, ಮಳೆ ನಿಂತರೆ ಒಣಗುತ್ತದೆ. ಮಣ್ಣಿನ ಮಟ್ಟದಲ್ಲಿ, ಒಂದು ಗೇಣು ಮೇಲೆ ಕೆಳಗೆ, ಎರಡೂ ಒಟ್ಟಿಗೆ ಸಿಗುತ್ತವೆ. ಕಂಬ ಮುರಿಯುವುದು ಯಾವಾಗಲೂ ಅಲ್ಲೇ. ಗೆದ್ದಲು ಏರುವುದೂ ಅಲ್ಲಿಂದಲೇ. ಮಡಿಕೇರಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ತಿಂಗಳುಗಳಲ್ಲಿ ಬುಡ ಒಣಗುವ ಮಾತೇ ಇಲ್ಲ.

ಎಲ್ಲ ಮರವೂ ಒಂದೇ ಥರ ಕೊಳೆಯುವುದಿಲ್ಲ, ಅಲ್ವಾ? ನಮ್ಮ ದೇಶದಲ್ಲಿ ಮರದ ಬಾಳಿಕೆಯನ್ನು ನೆಲದಲ್ಲಿ ಹೂತು ಪರೀಕ್ಷಿಸಿ ಮೂರು ದರ್ಜೆ ಮಾಡಿದ್ದಾರೆ. ಸರಾಸರಿ 120 ತಿಂಗಳು ಅಥವಾ ಜಾಸ್ತಿ ಬಾಳಿದರೆ ಮೊದಲ ದರ್ಜೆ, 60ರಿಂದ 120 ತಿಂಗಳಾದರೆ ಎರಡನೆಯದು, 60ಕ್ಕಿಂತ ಕಡಿಮೆಯಾದರೆ ಮೂರನೆಯದು. ತೇಗ ಮೊದಲ ದರ್ಜೆಯದು. ಒಂದು ಮಾತು ಮರೆಯಬೇಡಿ, ಈ ದರ್ಜೆ ಚೇಗಿಗೆ, ಅಂದರೆ ಮರದ ಒಳಗಿನ ಗಟ್ಟಿ ಭಾಗಕ್ಕೆ ಮಾತ್ರ. ಹೊರಗಿನ ಬಿಳಿ ಭಾಗ ತೇಗದ್ದಾದರೂ ಬೇಗ ಹೋಗುತ್ತದೆ. ಎಳೆ ತೇಗದ ಗೂಟಗಳು ಹೆಸರಿಗೆ ತೇಗ, ಬಾಳಿಕೆಗೆ ಅಲ್ಲ.

ಕೊಡಗಿನಲ್ಲಿ ಕೈಗೆ ಸುಲಭವಾಗಿ ಸಿಗುವುದು ಸಿಲ್ವರ್ ಓಕ್. ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ಎಲ್ಲ ತೋಟದಲ್ಲೂ ಇದೆ. ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ಅದನ್ನು ಕಡಿಯಲು ವಿನಾಯಿತಿಯೂ ಇದೆ. ಬೀಟೆ, ಹೊನ್ನೆ, ತೇಗಕ್ಕೆ ಹಾಗಿಲ್ಲ. ಬಾಣೆ ಜಮೀನಾದರೆ (ಗದ್ದೆಯ ಜೊತೆಗೆ ಕೊಟ್ಟ ಕಾಡು ಜಮೀನು) ರಿಡೀಮ್ಡ್ ಹೌದೋ ಅಲ್ಲವೋ, ಅಂದರೆ ಸರ್ಕಾರಕ್ಕೆ ಮರದ ಬೆಲೆ ಕಟ್ಟಿ ಹಕ್ಕು ಪಡೆದದ್ದೋ ಅಲ್ಲವೋ ಎನ್ನುವ ಪ್ರಶ್ನೆಯೂ ಬರುತ್ತದೆ. ಸಿಲ್ವರ್ ಓಕ್ ಹಲಗೆಗೆ ಪರವಾಗಿಲ್ಲ, ಒಣಗಿಸಿ ಎಣ್ಣೆ ಹಚ್ಚಿದರೆ ಮೇಲೆ ಚೆನ್ನಾಗಿಯೇ ಇರುತ್ತದೆ. ಆದರೆ ಹಾಗೇ ಕಡಿದು ನೆಲಕ್ಕೆ ಹೂಳುವ ಮರ ಅಲ್ಲ ಅದು. ಕಂಬವೂ ಮರದ್ದೇ ಬೇಕು ಅಂದರೆ ಕಾರ್ಖಾನೆಯಲ್ಲಿ ಒತ್ತಡ ಕೊಟ್ಟು ಕೊಳೆತ ತಡೆಯುವ ಮದ್ದು ಒಳಗಿಳಿಸಿದ ಕಂಬ ಕೇಳಿ. ಇದಕ್ಕೆ ಐಎಸ್ 401 ಅನ್ನುವ ಭಾರತೀಯ ಮಾನದಂಡವೇ ಇದೆ. ಬ್ರಷ್‌ನಲ್ಲಿ ಬಳಿದ ಮದ್ದು ಮೇಲ್ಮೈಯಲ್ಲೇ ಉಳಿಯುತ್ತದೆ. ಹಳೆ ಎಂಜಿನ್ ಆಯಿಲ್ ಬಳಿಯುವ ರೂಢಿ ಇದೆ. ಹೂವಿನ ಪಾತಿ ಪಕ್ಕದಲ್ಲಿ ಅದು ಖಂಡಿತ ಬೇಡ.

ಕಾಂಪೋಸಿಟ್ ಅಂದರೆ ಏನು

ಮರದ ಪುಡಿ ಮತ್ತು ಪ್ಲಾಸ್ಟಿಕ್ ಕಲಸಿ, ಬಿಸಿ ಮಾಡಿ, ಅಚ್ಚಿನಿಂದ ಹೊರಕ್ಕೆ ಒತ್ತಿ ತೆಗೆದ ಹಲಗೆ. ಸಾಮಾನ್ಯವಾಗಿ ಅರ್ಧದಷ್ಟು ಮರದ ಪುಡಿಯೇ ಇರುತ್ತದೆ. ಹಾಗಾಗಿ "ನೀರೇ ಕುಡಿಯುವುದಿಲ್ಲ" ಅನ್ನುವ ಅಂಗಡಿಯವರ ಮಾತನ್ನು ಸ್ವಲ್ಪ ತಗ್ಗಿಸಿ ಕೇಳಿ. ಮರಕ್ಕಿಂತ ಬಹಳ ಕಡಿಮೆ ಕುಡಿಯುತ್ತದೆ, ಅಷ್ಟೇ. ಮೇಲೆ ಬರೀ ಪ್ಲಾಸ್ಟಿಕ್ಕಿನ ತೆಳು ಪದರ ಇರುವ ಹಲಗೆ ಸಿಗುತ್ತದೆ, ಅದು ಕೊಡಗಿಗೆ ವಾಸಿ. ಪದರ ಇಲ್ಲದ ಹಲಗೆಯ ಮೇಲೆ, ನೆರಳಿದ್ದರೆ, ಪಾಚಿ ಮತ್ತು ಕಪ್ಪು ಬೂಷ್ಟು ಮರದ ಮೇಲೆ ಹಿಡಿದಂತೆಯೇ ಹಿಡಿಯುತ್ತವೆ. ಒಳಗಿನ ಮರದ ಪುಡಿಯೇ ಬೂಷ್ಟಿಗೆ ಆಹಾರ.

ಅಂಗಡಿಯಲ್ಲಿ ಇನ್ನೊಂದು ಗೊಂದಲ ಇದೆ. ಡಬ್ಲ್ಯೂಪಿಸಿ (ವುಡ್ ಪ್ಲಾಸ್ಟಿಕ್ ಕಾಂಪೋಸಿಟ್) ಅಂತ ಕೇಳಿದರೆ ಅಡುಗೆಮನೆ ಕಪಾಟಿಗೆ ಹಾಕುವ ಹಗುರದ ಪಿವಿಸಿ ಫೋಮ್ ಶೀಟ್ ತೋರಿಸಬಹುದು. ಅದು ಬಿಸಿಲು ಮಳೆಗೆ ಮಾಡಿದ್ದಲ್ಲ. ಎತ್ತಿ ನೋಡಿ. ಬೇಲಿಯ ಹಲಗೆ ಭಾರವಾಗಿರುತ್ತದೆ.

ಭಾರ ಇದ್ದರೂ ಬಿಗಿ ಕಡಿಮೆ. ಕಂಬಗಳು ದೂರ ದೂರ ಇದ್ದರೆ ನಡುವೆ ಜೋತು ಬೀಳುತ್ತದೆ. ಬಿಸಿಲಲ್ಲಿ ಇನ್ನೂ ಜಾಸ್ತಿ. ಆದ್ದರಿಂದ ತಯಾರಕರು ಹೇಳಿದ ಅಂತರಕ್ಕಿಂತ ಒಂದು ಇಂಚೂ ಹೆಚ್ಚು ಬಿಡಬೇಡಿ. ಕಂಬಕ್ಕೆ ಕಾಂಪೋಸಿಟನ್ನೇ ಹಾಕುವುದಾದರೆ ಒಳಗೆ ಕಬ್ಬಿಣದ ಪೈಪು ಇರಲೇಬೇಕು.

ಹಿಗ್ಗುವ ಲೆಕ್ಕ

ಇಲ್ಲಿ ಸ್ವಲ್ಪ ನಿಂತು ಓದಿ, ಬಡಗಿಗಳೂ ಇದನ್ನು ತಪ್ಪುತ್ತಾರೆ. ಮರ ತೇವಕ್ಕೆ ಹಿಗ್ಗುತ್ತದೆ, ಅದೂ ಅಗಲಕ್ಕೆ. ಕಾಂಪೋಸಿಟ್ ಬಿಸಿಗೆ ಹಿಗ್ಗುತ್ತದೆ, ಅದು ಎದ್ದು ಕಾಣುವುದು ಉದ್ದದಲ್ಲಿ.

ತೇಗದ ಹಲಗೆ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಅಗಲದಲ್ಲಿ ಶೇ. 5.8ರವರೆಗೆ ಕುಗ್ಗಬಹುದು. ಆ ಕುಗ್ಗುವಿಕೆ ತೇವ ಶೇ. 30ರಿಂದ ಸೊನ್ನೆಗೆ ಇಳಿಯುವಾಗ ಆಗುವಂಥದ್ದು. ಬೇಸಿಗೆಯಲ್ಲಿ ಶೇ. 12 ಇದ್ದ ತೇವ ಮಳೆಗಾಲದಲ್ಲಿ ಶೇ. 18 ಆಯಿತು ಅಂದುಕೊಳ್ಳಿ. ವ್ಯತ್ಯಾಸ 6, ಅಂದರೆ 30ರಲ್ಲಿ ಐದನೇ ಒಂದು ಭಾಗ. 150 ಮಿ.ಮೀ. ಅಗಲದ ಹಲಗೆ ಸುಮಾರು 1.7 ಮಿ.ಮೀ. ಹಿಗ್ಗುತ್ತದೆ. ಬೇಸಿಗೆಯಲ್ಲಿ ಒಂದಕ್ಕೊಂದು ಒತ್ತಿ ಬಡಿದ ಹಲಗೆಗಳು ಜುಲೈಯಲ್ಲಿ ಉಬ್ಬಿ ಮೊಳೆ ಕೀಳುವುದು ಇದಕ್ಕೇ.

ಕಾಂಪೋಸಿಟ್ ಪ್ರತಿ ಡಿಗ್ರಿಗೆ, ಪ್ರತಿ ಮೀಟರಿಗೆ ಸುಮಾರು 0.04 ಮಿ.ಮೀ. ಬೆಳೆಯುತ್ತದೆ. ಮಾರ್ಚ್‌ನ ಬೆಳಗಿನ ಜಾವ 15 ಡಿಗ್ರಿ, ಮಧ್ಯಾಹ್ನ ಕಡು ಬಣ್ಣದ ಹಲಗೆ 50 ಡಿಗ್ರಿ. 2.4 ಮೀಟರ್ ಹಲಗೆ ಒಂದೇ ದಿನದಲ್ಲಿ ಮೂರು ಮಿ.ಮೀ. ದಾಟಿ ಉದ್ದವಾಗುತ್ತದೆ. ತುದಿಯಲ್ಲಿ ಜಾಗ ಇಲ್ಲದಿದ್ದರೆ ಬಿಲ್ಲಿನಂತೆ ಬಾಗುತ್ತದೆ. ಸ್ಕ್ರೂ ಹಾಕುವ ಮುಂಚೆ ತೂತು ಕೊರೆಯಬೇಕು, ಆ ತೂತು ಸ್ಕ್ರೂಗಿಂತ ಕೊಂಚ ದೊಡ್ಡದಿರಬೇಕು.

ಹಾಗಾದರೆ ಯಾವುದು?

ಕಂಬದ ವಿಷಯದಲ್ಲಿ ನನಗೆ ಅನುಮಾನ ಇಲ್ಲ: ಕಲ್ಲು, ಸಿಮೆಂಟು ಅಥವಾ ಜಿಂಕ್ ಲೇಪಿಸಿದ ಕಬ್ಬಿಣ. ಆರಡಿ ಬೇಲಿಗೆ ಎರಡಡಿ ಆಳ. ಹಲಗೆಯ ಕೆಳ ಅಂಚು ನೆಲದಿಂದ ಎರಡು ಇಂಚಾದರೂ ಮೇಲಿರಲಿ, ಕೆಂಪು ಮಣ್ಣು ಸಿಡಿಯುವ ಕಡೆ ಇನ್ನೂ ಮೇಲಿದ್ದರೆ ಒಳ್ಳೆಯದು. ಹಲಗೆಗಳ ನಡುವೆ ಸಂದು ಬಿಟ್ಟರೆ ಗಾಳಿಯೂ ತೂರಿ ಹೋಗುತ್ತದೆ, ಒಣಗುವುದೂ ಬೇಗ.

ಅಷ್ಟಾದ ಮೇಲೆ ಹಲಗೆ. ಕುಶಾಲನಗರದ ಕಡೆ ಮಳೆ ಬಹಳ ಕಡಿಮೆ. ಅಲ್ಲಿ ಮರವನ್ನೇ ಹಾಕಿ. ತೋಟದಲ್ಲೇ ಸಿಲ್ವರ್ ಓಕ್ ಇದ್ದು, ಗೊತ್ತಿರುವ ಬಡಗಿ ಇದ್ದರೆ ಸುಮ್ನೆ ದುಬಾರಿ ಹಲಗೆ ತರುವ ಅಗತ್ಯ ಕಾಣುವುದಿಲ್ಲ. ಒಂದು ಹಲಗೆ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಕಾಂಪೋಸಿಟಿನಲ್ಲಿ ಐದು ವರ್ಷದ ನಂತರ ಅದೇ ಅಚ್ಚು, ಅದೇ ಬಣ್ಣ ಸಿಗುವುದು ಕಷ್ಟ. ಮಳೆ ಜೋರಾಗಿ ಸುರಿಯುವ ಭಾಗಮಂಡಲ, ಗಾಳಿಬೀಡಿನಂಥ ಕಡೆ, ಅದರಲ್ಲೂ ವರ್ಷ ವರ್ಷ ಎಣ್ಣೆ ಹಚ್ಚಲು ಪುರುಸೊತ್ತಿಲ್ಲದ ಹೋಂಸ್ಟೇಯವರಿಗೆ, ಪದರ ಇರುವ ಕಾಂಪೋಸಿಟ್ ಸರಿ. ಅದಕ್ಕೂ ಮಳೆ ಮುಗಿದ ಮೇಲೆ ಸೋಪು ನೀರು, ಮೆತ್ತನೆ ಬ್ರಷ್ ಬೇಕೇ ಬೇಕು.

ಮರದ್ದಾದರೆ ಕಾಲ ನೋಡಿ ಕೆಲಸ ಹಿಡಿಯಿರಿ. ಪುತ್ತರಿ (ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ) ಕಳೆದ ಮೇಲೆ ಹಲಗೆ ಕೊಯ್ಯಿಸಿ, ನೆರಳಲ್ಲಿ ನಡುವೆ ಪಟ್ಟಿ ಇಟ್ಟು ಪೇರಿಸಿ. ಕಾಫಿ ಕುಯ್ಲು ಮುಗಿಯುವವರೆಗೆ ಆಳುಗಳು ಹೇಗೂ ಸಿಗುವುದಿಲ್ಲ, ಮರ ಒಣಗುವುದಕ್ಕೆ ಅಷ್ಟು ಸಮಯ ಬೇಕು ಕೂಡ. ಏಪ್ರಿಲ್‌ನಲ್ಲಿ ಹೂ ಮಳೆ (ಕಾಫಿ ಹೂವರಳಿಸುವ ಬೇಸಿಗೆ ಮಳೆ) ಬಿಟ್ಟ ಬಿಸಿಲಿನಲ್ಲಿ ಎಣ್ಣೆ ಹಚ್ಚಿ, ಕತ್ತರಿಸಿದ ತುದಿಗಳಿಗೆ ಎರಡು ಸಲ ಜಾಸ್ತಿ; ನೀರು ಬೇಗ ಒಳಹೋಗುವುದು ಅಲ್ಲಿಂದಲೇ. ತೇಗಕ್ಕೆ ಸಾದಾ ಕಬ್ಬಿಣದ ಮೊಳೆ ಹೊಡೆದರೆ ಕಪ್ಪು ಕಲೆ ಇಳಿಯುತ್ತದೆ, ಸ್ಟೇನ್‌ಲೆಸ್ ಸ್ಕ್ರೂ ಹಾಕಿ.

ಕೆಲಸ ಮುಗಿದು ಉಳಿದ ತುಂಡುಗಳು ಸ್ನಾನದ ಹಂಡೆಯ ಒಲೆಗೆ ಹೋಗುವುದು ನಮ್ಮ ಮನೆಗಳ ರೂಢಿ. ಬರೀ ಮರವಾದರೆ ಹೋಗಲಿ. ಕಾಂಪೋಸಿಟ್ ತುಂಡು ಉರಿದರೆ ಪ್ಲಾಸ್ಟಿಕ್ ಹೊಗೆ. ಮದ್ದು ಹಾಕಿದ ಮರದಲ್ಲಿ ಸಾಮಾನ್ಯವಾಗಿ ತಾಮ್ರ, ಕ್ರೋಮಿಯಂ, ಕೆಲವದರಲ್ಲಿ ಆರ್ಸೆನಿಕ್ ಇರುತ್ತದೆ, ಅದು ಬೂದಿಯಲ್ಲೂ ಉಳಿಯುತ್ತದೆ. ಆ ಬೂದಿಯನ್ನು ಗಿಡದ ಬುಡಕ್ಕೆ ಹಾಕುವವರು ಇದ್ದೇ ಇರುತ್ತಾರೆ, ಹಾಗಾಗಿ ಅಂಥ ತುಂಡನ್ನು ಒಲೆಯ ಹತ್ತಿರವೇ ಇಡಬೇಡಿ.