ಸೆಲ್‌ನ ಒಳಗಿರುವುದು, ಹೊರಗೆ ಕಾಣುವುದು

ಎಕ್ಸೆಲ್‌ನ ಖಾಲಿ ಹಾಳೆಯೊಂದನ್ನು ತೆರೆದು, ಯಾವುದಾದರೊಂದು ಸೆಲ್‌ನಲ್ಲಿ 123456789012 ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಹನ್ನೆರಡು ಅಂಕಿಗಳಿರಬೇಕಾದಲ್ಲಿ 1.23457ಇ+11 ಎಂಬುದು ಕಾಣಿಸುತ್ತದೆ. ಆಧಾರ್ ಸಂಖ್ಯೆಗಳ ಪಟ್ಟಿ ಮಾಡಲು ಕುಳಿತವರು ಇದನ್ನು ಕಂಡು ಗಾಬರಿಯಾಗುವುದು ಸಹಜ. ಆದರೆ ಅದೇ ಸೆಲ್ ಮೇಲೆ ಕ್ಲಿಕ್ ಮಾಡಿ ಮೇಲಿನ ಫಾರ್ಮುಲಾ ಬಾರ್ ನೋಡಿದರೆ ಹನ್ನೆರಡೂ ಅಂಕಿಗಳು ಇದ್ದ ಹಾಗೆಯೇ ಇರುತ್ತವೆ. ಸೆಲ್‌ನ ಒಳಗೆ ಕೂತಿರುವ ಮೌಲ್ಯವೇ ಬೇರೆ, ಹೊರಗೆ ತೋರುವ ರೂಪವೇ ಬೇರೆ. ಫಾರ್ಮ್ಯಾಟಿಂಗ್ ಮುಟ್ಟುವುದು ಹೊರಗಿನ ರೂಪವನ್ನಷ್ಟೇ. ಕಾಲಂ ಸಾಕಷ್ಟು ಅಗಲವಿಲ್ಲದಾಗ ಬರುವ ##### ಕೂಡ ಇಂಥದ್ದೇ. ಕಾಲಂನ ಗಡಿಗೆರೆಯ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಂಖ್ಯೆ ಮರಳಿ ಬರುತ್ತದೆ.

ಈಗ ಅಂಕಿಗಳನ್ನು ಹದಿನಾರಕ್ಕೆ ಏರಿಸಿ 1234567890123456 ಎಂದು ಟೈಪ್ ಮಾಡಿ. ಈ ಬಾರಿ ಫಾರ್ಮುಲಾ ಬಾರ್‌ನಲ್ಲಿಯೂ ಕೊನೆಯ 6 ಇರುವುದಿಲ್ಲ, ಅದರ ಜಾಗದಲ್ಲಿ 0 ಬಂದಿರುತ್ತದೆ. ಎಕ್ಸೆಲ್ ಪ್ರತಿ ಸಂಖ್ಯೆಯನ್ನೂ 64 ಬಿಟ್‌ಗಳ ದ್ವಿಮಾನ (ಬೈನರಿ) ರೂಪದಲ್ಲಿ ಇಟ್ಟುಕೊಂಡು, ಅದರಲ್ಲಿ 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಒಮ್ಮೆ ನನ್ನ ಕೈಗೆ ಬಂದ ಸದಸ್ಯರ ಪಟ್ಟಿಯೊಂದರಲ್ಲಿ ಹದಿನಾರು ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆಗಳೆಲ್ಲವೂ ಸೊನ್ನೆಯಲ್ಲೇ ಮುಗಿಯುತ್ತಿದ್ದವು. ಆ ಒಂದು ಅಂಕಿಗಾಗಿ ಎಲ್ಲರ ಪಾಸ್‌ಬುಕ್ಕನ್ನೂ ಮತ್ತೆ ತರಿಸಬೇಕಾಯಿತು. ಕೂಡಿಸುವ, ಕಳೆಯುವ ಅಗತ್ಯವಿಲ್ಲದ ಖಾತೆ ಸಂಖ್ಯೆ, ಆಧಾರ್, ಫೋನ್ ನಂಬರುಗಳು ನಿಜಕ್ಕೂ ಸಂಖ್ಯೆಗಳಲ್ಲ, ಅಂಕಿಗಳಲ್ಲಿ ಬರೆದ ಹೆಸರುಗಳು. ಆ ಕಾಲಂ ಅನ್ನು ಟೈಪ್ ಮಾಡುವ ಮೊದಲೇ ‘ಟೆಕ್ಸ್ಟ್’ ಎಂದು ಗೊತ್ತುಪಡಿಸಬೇಕು. ಆಗ ಆರಂಭದ ಸೊನ್ನೆಗಳೂ ಉಳಿಯುತ್ತವೆ. ಟೈಪ್ ಮಾಡಿದ ಮೇಲೆ ಬದಲಿಸಿದರೆ ಕಳೆದುಹೋದ ಅಂಕಿ ಮರಳುವುದಿಲ್ಲ.

ದಿನಾಂಕಗಳ ಕಥೆ ಇನ್ನೂ ಕುತೂಹಲದ್ದು. 1956ರ ನವೆಂಬರ್ 1 ಎಂದು ಬರೆದರೆ ಸೆಲ್‌ನ ಒಳಗೆ ಉಳಿಯುವುದು 20760 ಎಂಬ ಸಂಖ್ಯೆ. 1900ರ ಜನವರಿ 1ನ್ನು ಒಂದು ಎಂದಿಟ್ಟುಕೊಂಡು ನಡೆಸಿದ ದಿನಗಳ ಎಣಿಕೆ ಅದು. ಎರಡು ದಿನಾಂಕಗಳ ನಡುವಿನ ಅಂತರವನ್ನು ಸುಮ್ಮನೆ ಕಳೆದು ತಿಳಿಯಬಹುದಾದ ಈ ಏರ್ಪಾಡು ಸೊಗಸಾಗಿದೆ. ತೊಂದರೆ ಇರುವುದು ದಿನಾಂಕವಲ್ಲದ್ದನ್ನೂ ದಿನಾಂಕವೆಂದು ಎಕ್ಸೆಲ್ ಊಹಿಸುವುದರಲ್ಲಿ. ಮಾರ್ಚ್1 ಎಂಬ ಹೆಸರಿನ ಜೀನ್ (ವಂಶವಾಹಿ) ಹಾಳೆಗೆ ಇಳಿದೊಡನೆ ಮಾರ್ಚ್ ತಿಂಗಳ ಮೊದಲ ದಿನವಾಗಿ ಬದಲಾಗುತ್ತಿತ್ತು. ಪ್ರಕಟವಾದ ಸಂಶೋಧನೆಗಳ ಪಟ್ಟಿಗಳಲ್ಲಿಯೂ ಈ ತಪ್ಪು ನುಸುಳಿದ್ದರಿಂದ, ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿಯು ಇಂಥ ಜೀನ್‌ಗಳ ಹೆಸರನ್ನೇ ಬದಲಿಸಿ, ಮಾರ್ಚ್1 ಅನ್ನು ಮಾರ್ಚ್‌ಎಫ್1 ಎಂದೂ ಸೆಪ್ಟ್1 ಅನ್ನು ಸೆಪ್ಟಿನ್1 ಎಂದೂ ಕರೆಯಿತು. ಈ ಊಹೆಯನ್ನು ನಿಲ್ಲಿಸುವ ಆಯ್ಕೆಯನ್ನು ಮೈಕ್ರೋಸಾಫ್ಟ್ ಒದಗಿಸಿದ್ದು 2023ರಲ್ಲಿ.

ಇಂಥ ತಪ್ಪುಗಳನ್ನು ಕಣ್ಣಿನಿಂದಲೇ ಹಿಡಿಯುವ ಒಂದು ಉಪಾಯವಿದೆ. ತಾನಾಗಿ ಬಿಟ್ಟರೆ ಎಕ್ಸೆಲ್ ಸಂಖ್ಯೆ ಮತ್ತು ದಿನಾಂಕಗಳನ್ನು ಸೆಲ್‌ನ ಬಲಕ್ಕೂ ಅಕ್ಷರಗಳನ್ನು ಎಡಕ್ಕೂ ಸರಿಸುತ್ತದೆ. ಅಮೆರಿಕದ ದಿನಾಂಕ ಪದ್ಧತಿಗೆ ಹೊಂದಿಸಿದ ಕಂಪ್ಯೂಟರಿನಲ್ಲಿ 05/04/2024 ಎಂದು ಬರೆದರೆ ಅದು ಮೇ 4 ಆಗಿ ಬಲಕ್ಕೆ ಹೋಗುತ್ತದೆ. 25/04/2024 ಎಂದು ಬರೆದರೆ, ಇಪ್ಪತ್ತೈದನೆಯ ತಿಂಗಳು ಇಲ್ಲವಾದ್ದರಿಂದ, ಬರೀ ಅಕ್ಷರವಾಗಿ ಎಡಕ್ಕೇ ಉಳಿಯುತ್ತದೆ. ಒಂದೇ ಕಾಲಂನ ದಿನಾಂಕಗಳಲ್ಲಿ ಅರ್ಧ ಎಡಕ್ಕೂ ಅರ್ಧ ಬಲಕ್ಕೂ ವಾಲಿದ್ದರೆ, ಎಡಕ್ಕಿರುವವಷ್ಟೇ ಅಲ್ಲ, ಬಲಕ್ಕಿರುವವೂ ತಪ್ಪೆಂದೇ ಶಂಕಿಸಬೇಕು. ಹಾಳೆ ಅಂದವಾಗಿ ಕಾಣಲೆಂದು ಎಲ್ಲವನ್ನೂ ನಡುವಿಗೆ ತರುವ ಅಭ್ಯಾಸವನ್ನು ನಾನು ಬಲವಾಗಿ ವಿರೋಧಿಸುವುದು ಇದೇ ಕಾರಣಕ್ಕೆ. ಹಾಗೆ ಮಾಡಿದೊಡನೆ ಈ ಸುಳಿವು ಅಳಿಸಿಹೋಗುತ್ತದೆ. ಸಂಖ್ಯೆಗಳು ಬಲಕ್ಕಿದ್ದರೆ ಬಿಡಿ, ಹತ್ತು, ನೂರರ ಸ್ಥಾನಗಳೂ ಒಂದರ ಕೆಳಗೊಂದು ಕೂಡುತ್ತವೆ. ಶೀರ್ಷಿಕೆಗಾಗಿ ಸೆಲ್‌ಗಳನ್ನು ಮರ್ಜ್ ಮಾಡುವುದೂ ಬೇಡ, ಮುಂದೆ ಅದು ಸಾರ್ಟ್ ಮಾಡಲು ಅಡ್ಡಿಯಾಗುತ್ತದೆ.

ಹಣದ ಲೆಕ್ಕದಲ್ಲಿ ಒಳಗಿನದಕ್ಕೂ ಹೊರಗಿನದಕ್ಕೂ ಇರುವ ಅಂತರ ಜಗಳಕ್ಕೂ ಕಾರಣವಾಗಬಲ್ಲದು. ನೂರು ರೂಪಾಯಿಯನ್ನು ಮೂವರಿಗೆ ಹಂಚಿ ಎರಡು ದಶಮಾಂಶಕ್ಕೆ ಫಾರ್ಮ್ಯಾಟ್ ಮಾಡಿದರೆ ಮೂರೂ ಕಡೆ 33.33 ಕಾಣುತ್ತದೆ, ಮೊತ್ತ ಮಾತ್ರ 100.00. ಕಾಗದದ ಮೇಲೆ ಕೂಡಿಸಿದವರಿಗೆ ಬರುವುದು 99.99. ಪಾವತಿ ಮಾಡುವ ಮೊತ್ತವನ್ನು ‘ರೌಂಡ್’ ಫಂಕ್ಷನ್‌ನಿಂದ ನಿಜವಾಗಿಯೇ ಪೂರ್ಣಗೊಳಿಸಿ, ಉಳಿದ ಒಂದು ಪೈಸೆ ಯಾರ ಪಾಲಿಗೆಂದು ಆಗಲೇ ತೀರ್ಮಾನಿಸುವುದು ಒಳ್ಳೆಯದು.

ಉದ್ದನೆಯ ಹಾಳೆಯನ್ನು ಓದುವಾಗ ಬಿ2 ಸೆಲ್‌ನಲ್ಲಿ ನಿಂತು ‘ವ್ಯೂ’ ಮೆನುವಿನ ‘ಫ್ರೀಝ್ ಪೇನ್ಸ್’ ಒತ್ತಿದರೆ, ಆ ಸೆಲ್‌ನ ಮೇಲಿನ ಸಾಲೂ ಎಡದ ಕಾಲಂ ಕೂಡ ಅಲುಗದೆ ನಿಲ್ಲುತ್ತವೆ. ಮುದ್ರಣಕ್ಕೆ ಇದು ಅನ್ವಯಿಸುವುದಿಲ್ಲ. ಪ್ರತಿ ಪುಟದಲ್ಲೂ ತಲೆಸಾಲು ಬರಬೇಕಾದರೆ ‘ಪ್ರಿಂಟ್ ಟೈಟಲ್ಸ್’ನಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಹಾಳೆಯ ಬುಡವನ್ನೂ ಒಮ್ಮೆ ನೋಡಬೇಕು, ಕಂಟ್ರೋಲ್ ಜೊತೆ ಎಂಡ್ ಒತ್ತಿದರೆ ಬಳಕೆಯಲ್ಲಿರುವ ಕೊನೆಯ ಸೆಲ್‌ಗೆ ಹೋಗಬಹುದು. ಇಂದಿನ ಎಕ್ಸೆಲ್ ಹಾಳೆಯಲ್ಲಿ 10,48,576 ಸಾಲುಗಳಿದ್ದರೆ ಹಳೆಯ ಎಕ್ಸ್‌ಎಲ್‌ಎಸ್ ಕಡತದಲ್ಲಿ ಇದ್ದದ್ದು 65,536. ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವೆ ಕೋವಿಡ್ ವರದಿಗಳು ಆ ಹಳೆಯ ಮಿತಿಯನ್ನು ದಾಟಿ, 15,841 ಪ್ರಕರಣಗಳು ದೈನಂದಿನ ಲೆಕ್ಕಕ್ಕೆ ಸೇರದೆ ಹೋದವು. ಆ ರೋಗಿಗಳ ಸಂಪರ್ಕಕ್ಕೆ ಬಂದವರ ಹುಡುಕಾಟವೂ ತಡವಾಯಿತು.

ಕನ್ನಡದಲ್ಲಿ ಪಟ್ಟಿ ಮಾಡುವವರಿಗೆ ಒಂದು ಮಾತು. ಸಿಎಸ್‌ವಿ ಕಡತವನ್ನು (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯದ ಪಟ್ಟಿಯನ್ನು) ನೇರವಾಗಿ ತೆರೆದಾಗ ಕನ್ನಡದ ಹೆಸರುಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡರೆ ಕಡತ ಕೆಟ್ಟಿದೆಯೆಂದು ಭಾವಿಸಬೇಕಿಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್‌ಗಳು ಬೇಕು. ಎಕ್ಸೆಲ್ ಅವನ್ನು ಮೂರು ಬೇರೆ ಬೇರೆ ಅಕ್ಷರಗಳೆಂದು ಓದಿರುತ್ತದೆ, ಅಷ್ಟೇ. ‘ಡೇಟಾ’ ಮೆನುವಿನ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಮೂಲಕ ತೆರೆದು 65001 ಸಂಖ್ಯೆಯ ಯುಟಿಎಫ್-8 ಆರಿಸಿದರೆ ಹೆಸರುಗಳು ಸರಿಯಾಗಿ ಮೂಡುತ್ತವೆ. ಆದರೆ ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಬದಲು ಬರಿಯ ‘ಸಿಎಸ್‌ವಿ’ ಆರಿಸಿದರೆ ಪ್ರತಿ ಕನ್ನಡ ಅಕ್ಷರದ ಜಾಗದಲ್ಲೂ ಪ್ರಶ್ನಾರ್ಥಕ ಚಿಹ್ನೆ ದಾಖಲಾಗುತ್ತದೆ. ಅದು ತೋರಿಕೆಯ ದೋಷವಲ್ಲ, ಆ ಕಡತದೊಳಗೆ ಆಮೇಲೆ ಉಳಿಯುವುದೇ ಆ ಪ್ರಶ್ನಾರ್ಥಕ ಚಿಹ್ನೆಗಳು.